ಹಳೆಯ ಅಡಿಗಲ್ಲಿನ ಮುಂದೆ

ಕಮ್ಮಾರರು ಬಳಸಿಬಿಟ್ಟ ಹಳೆಯ ಅಡಿಗಲ್ಲೊಂದನ್ನು (ಕಾಯಿಸಿದ ಲೋಹವನ್ನಿಟ್ಟು ಬಡಿಯುವ ಕಬ್ಬಿಣದ ಗಟ್ಟಿ) ಇಂದು ಬಹಳ ಹೊತ್ತು ಪರೀಕ್ಷಿಸಿದೆ. ಮಗ್ಗುಲಲ್ಲಿದ್ದ 1–2–10 ಎಂಬ ಅಂಕಿಗಳು ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿದ ಮೇಲಷ್ಟೇ ಕಂಡವು. ಹಳೆಯ ಇಂಗ್ಲಿಷ್ ತೂಕದ ಕ್ರಮದಂತೆ ಮೊದಲ ಅಂಕಿಯನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ ಮೂರನೆಯದನ್ನು ಕೂಡಿಸಿದರೆ 178 ಪೌಂಡ್, ಎಂದರೆ ಸುಮಾರು 81 ಕಿಲೋಗ್ರಾಂ. ಆದರೆ ತೂಕಕ್ಕಿಂತ ಮುಖದ, ಎಂದರೆ ಬಡಿಯುವ ಮೇಲ್ಮೈಯ, ಗಡಸುತನವೇ ಬೆಲೆಯನ್ನು ನಿರ್ಧರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬೇರಿಂಗ್‌ನ ಉಕ್ಕಿನ ಗುಂಡನ್ನು 10 ಅಂಗುಲ ಎತ್ತರದಿಂದ ಬಿಟ್ಟಾಗ ಅದು 8 ಅಂಗುಲದಷ್ಟು ಮೇಲಕ್ಕೆ ಪುಟಿದುದನ್ನು ಕಂಡು, ಮುಖ ಇನ್ನೂ ಗಡಸಾಗಿದೆಯೆಂದು ಮನಸ್ಸು ತುಂಬಿ ಬಂತು. ಸುತ್ತಿಗೆ ತಾಗಿಸಿದಾಗ ಅಡಿಗಲ್ಲು ಗಂಟೆಯಂತೆ ದನಿಗೊಟ್ಟಿತು; ಬಿರುಕಿಲ್ಲವೆಂಬುದಕ್ಕೆ ಅದು ಸೂಚನೆ. ಎರಕದ ಕಬ್ಬಿಣದ ಒಡಲಿಗೆ ಉಕ್ಕಿನ ಮುಖ ಕೂಡಿಸಿದ, ಫಿಶರ್ ಎಂಬ ಅಮೆರಿಕದ ತಯಾರಕರ ಅಡಿಗಲ್ಲುಗಳು ಒಳ್ಳೆಯವಾಗಿದ್ದರೂ ಹೀಗೆ ದನಿಗೊಡುವುದಿಲ್ಲವಾದ್ದರಿಂದ, ಮೌನವನ್ನೇ ಬಿರುಕೆಂದು ತಿಳಿಯಬಾರದು.

ಅಂಚುಗಳು ಅಲ್ಲಲ್ಲಿ ಮುಕ್ಕಾಗಿವೆ, ಮುಖದ ನಡುಭಾಗ ತುಸು ತಗ್ಗಾಗಿದೆ. ಅದನ್ನು ಯಂತ್ರದಲ್ಲಿ ತರಿದು ಸಮತಟ್ಟು ಮಾಡಿಸಬೇಕೆಂದು ಹಲವರು ಹೇಳುತ್ತಾರೆ. ಆದರೆ ಗಡಸುಗೊಳಿಸಿದ ಉಕ್ಕಿನ ಪದರ ತೆಳುವಾದುದರಿಂದ ಒಮ್ಮೆ ತರಿದುಹೋದದ್ದು ಮರಳಿ ಬಾರದು, ಮೇಲಾಗಿ ಬಾಗಿದ ಸರಳುಗಳನ್ನು ನೆಟ್ಟಗೆ ಮಾಡಲು ಆ ತಗ್ಗೇ ಅನುಕೂಲ. ಚೂಪಾದ ಅಂಚುಗಳನ್ನಷ್ಟೇ ಅರದಿಂದ ದುಂಡಗಾಗಿಸಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ತೇವ ತಾಗದ ಮೂಲೆಯಲ್ಲಿ ಮರದ ದಿಮ್ಮಿಯ ಮೇಲೆ ಕೂರಿಸಿದ್ದೇನೆ.