ಗಿಡಮೂಲಿಕೆ ತಾನೆ, ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?

ಇರುತ್ತದೆ.

ಇನ್ನು ಮೇಲೆ ಈ ಪ್ರಶ್ನೆ ಕೇಳಿದವರಿಗೆಲ್ಲ ಈ ಬರಹವನ್ನೇ ಕಳಿಸುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನಾನು ಕೆಲಸ ಮಾಡುವುದು ಮೂಲಿಕೆ ಔಷಧಿಗಳನ್ನು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ. ಬೇರು, ತೊಗಟೆ, ಎಲೆ, ಚೂರ್ಣ, ಏನೇ ಬರಲಿ, ಅದು ಹೇಳಿದ ಗಿಡವೇ ಹೌದಾ, ಇರಬೇಕಾದ ಅಂಶ ಬೇಕಾದಷ್ಟು ಇದೆಯಾ, ಇರಬಾರದ್ದು ಏನಾದರೂ ಸೇರಿದೆಯಾ ಅಂತ ನೋಡುತ್ತೇವೆ. ಈ ವಿಷಯ ಗೊತ್ತಾಗುವುದೇ ತಡ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಹತ್ತಿರ ಇದೇ ಪ್ರಶ್ನೆ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಅವರು ಆಗಲೇ ಡಬ್ಬಿ ಕೊಂಡಿರುತ್ತಾರೆ. ನಾನು ಹೌದು ಅಂತ ತಲೆ ಆಡಿಸಬೇಕು, ಅಷ್ಟೇ. ಆಡಿಸದಿದ್ದರೆ ಮುಖ ಸಣ್ಣದಾಗುತ್ತದೆ.

ಒಂದು ಗಿಡ ರೋಗ ಗುಣ ಮಾಡುತ್ತದೆ ಅಂದರೆ ಅದರೊಳಗಿನ ಯಾವುದೋ ರಾಸಾಯನಿಕ ನಮ್ಮ ಮೈಯಲ್ಲಿ ಏನನ್ನೋ ಬದಲಾಯಿಸುತ್ತದೆ. ಅಂಥ ಶಕ್ತಿ ಇರುವ ವಸ್ತು ನಮಗೆ ಬೇಕಾದಷ್ಟೇ ಕೆಲಸ ಮಾಡಿ ಸುಮ್ಮನಾಗುವುದಿಲ್ಲ. ಸರ್ಪಗಂಧವನ್ನೇ ನೋಡಿ. ಅದರ ಬೇರು ರಕ್ತದೊತ್ತಡ ಇಳಿಸುತ್ತದೆ ಅಂತ ಮುಂಬೈನ ವೈದ್ಯ ರುಸ್ತಮ್ ಜಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಲೋಕದ ಕಣ್ಣು ಆ ಬೇರಿನ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ಬಿಪಿ ಇಳಿಸುವ ರೆಸರ್ಪಿನ್ ಅನ್ನುವ ಅಂಶ ಬೇರ್ಪಡಿಸಿದರು. ಎಷ್ಟೋ ಜನರ ಬಿಪಿ ಇಳಿಯಿತು. ಅದರ ಜೊತೆಗೇ, ಜಾಸ್ತಿ ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಿಗೆ ಖಿನ್ನತೆ ಬಂದ ವರದಿಗಳೂ ಬಂದವು. ಒಳ್ಳೆಯದೂ ಕೆಟ್ಟದ್ದೂ ಒಂದೇ ಬೇರಿನಿಂದ ಬಂದದ್ದು.

ನಮ್ಮ ಅಂಗಳದ ಕಾಶಿ ಕಣಗಿಲೆಯೂ ಹಾಗೇ. ಅದರ ಎಲೆಯಲ್ಲಿರುವ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇಂದಿಗೂ ಮುಖ್ಯವಾದ ಔಷಧಿ. ಆಸ್ಪತ್ರೆಯಲ್ಲಿ ಅದನ್ನು ಮಗುವಿನ ಮೈ ಅಳತೆಗೆ ಲೆಕ್ಕ ಹಾಕಿ, ಎರಡೆರಡು ಸಲ ನೋಡಿ ಕೊಡುತ್ತಾರೆ. ಜಾಸ್ತಿಯಾದರೆ ನರಗಳಿಗೆ ಪೆಟ್ಟು. ನಿಜ, ಎಲೆಯಲ್ಲಿ ಅದು ಇರುವುದು ತೀರಾ ಕಡಿಮೆ. ಆದರೆ ಸಕ್ಕರೆ ಕಾಯಿಲೆಗೆ ಅಂತ ದಿನಾ ಬೆಳಿಗ್ಗೆ ಅದೇ ಗಿಡದ ಎಲೆ ಅಗಿಯುವವರು "ಇದರಿಂದ ಏನೂ ಆಗಲ್ಲ" ಅಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ.

ನನ್ನ ತಾಳ್ಮೆ ಪೂರ್ತಿ ಹೋದದ್ದು ಒಂದು ಮದುವೆಯಲ್ಲಿ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ನಮ್ಮ ಅತ್ತೆ ಕೂತಿದ್ದರು. ಎಲೆಯ ತುದಿಗೆ ಎರಡನೇ ಹೋಳಿಗೆ ಬಿತ್ತು. ಬೇಡ ಅನ್ನಲಿಲ್ಲ.

"ಅತ್ತೆ, ಶುಗರ್ ಇದೆಯಲ್ಲ ನಿಮಗೆ?"

"ಈಗ ಒಂದು ಪುಡಿ ತಗೋತಿದೀನಿ ಕಣೇ. ಏನು ತಿಂದ್ರೂ ಶುಗರ್ ಏರಲ್ಲ. ಬರೀ ಮೂಲಿಕೆ. ನೀನೇ ಹೇಳು, ಮೂಲಿಕೆ ತಾನೆ, ಏನೂ ಆಗಲ್ಲ ಅಲ್ವಾ?"

"ಅದರಲ್ಲಿ ಏನೇನಿದೆ?"

"ಮೂವತ್ತೆರಡು ಥರ ಇದೆಯಂತೆ."

"ಯಾವುದು ಮೂವತ್ತೆರಡು?"

"ಅದೆಲ್ಲ ಅವರ ಗುಟ್ಟು ಕಣೇ, ಹೇಳ್ತಾರಾ?"

ಎದುರು ಸಾಲಿನವರೂ ಊಟ ನಿಲ್ಲಿಸಿ ಕೇಳುತ್ತಿದ್ದರು. ಒಬ್ಬರು ಪುಡಿ ಎಲ್ಲಿ ಸಿಗುತ್ತದೆ ಅಂತ ಅಲ್ಲೇ ವಿಚಾರಿಸಿದರು. ಸಾರು ಬಡಿಸುವ ಹುಡುಗ ಕೂಡ ಸೌಟು ಹಿಡಿದು ನಿಂತುಬಿಟ್ಟ. ಅತ್ತೆ ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ಬಿಟ್ಟಿರಲಿಲ್ಲ. ಕೆಲವು ದಿನ ಬೆಳಗಿನ ಜಾವ ಮೈ ಬೆವರಿ ಕೈ ನಡುಗುತ್ತದೆ ಅಂತ ಮಾತಿನ ಮಧ್ಯೆ ಹೇಳಿದರು. ಪುಡಿ ಕೊಟ್ಟವರನ್ನು ಕೇಳಿದರೆ "ವಿಷ ಹೊರಗೆ ಹೋಗ್ತಿದೆ" ಅಂದರಂತೆ. ಅದು ವಿಷ ಹೊರಗೆ ಹೋಗುವುದಲ್ಲ. ಸಕ್ಕರೆ ಅತಿಯಾಗಿ ಇಳಿದಾಗ ಹಾಗಾಗುತ್ತದೆ. ಮಲಗಿದ್ದಲ್ಲೇ ಜ್ಞಾನ ತಪ್ಪಬಹುದು.

ಆ ಪುಡಿಯನ್ನು ನಾನು ಲ್ಯಾಬ್‌ಗೆ ತಂದೆ. ಸಾರ ತೆಗೆದು, ಸಿಲಿಕಾ ಬಳಿದ ಪ್ಲೇಟಿನ ಮೇಲೆ ಚುಕ್ಕಿ ಇಟ್ಟು, ದ್ರಾವಣದಲ್ಲಿ ನಿಲ್ಲಿಸಿದೆವು. ದ್ರಾವಣ ಮೇಲೇರಿದಂತೆ ಒಂದೊಂದು ರಾಸಾಯನಿಕ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಯಾವ ಗಿಡದಲ್ಲೂ ಇರದ ಒಂದು ಗೆರೆ ಅಲ್ಲಿತ್ತು. ಪಕ್ಕದಲ್ಲಿ ಗ್ಲಿಬೆನ್‌ಕ್ಲಮೈಡ್ ಇಟ್ಟು ಹೋಲಿಸಿದೆವು. ಅದೇ. ಸಕ್ಕರೆ ಇಳಿಸುವ ಇಂಗ್ಲಿಷ್ ಮಾತ್ರೆಯನ್ನು ಅರೆದು ಮೂಲಿಕೆ ಪುಡಿಗೆ ಬೆರೆಸಿದ್ದರು. ಇಂಥ ಬೆರಕೆ ಹೊಸದೇನೂ ಅಲ್ಲ. ಮಂಡಿನೋವಿನ ಪುಡಿಯಲ್ಲಿ ಸ್ಟಿರಾಯ್ಡ್ ಸಿಕ್ಕ ಪ್ರಕರಣಗಳು ಬೇಕಾದಷ್ಟಿವೆ.

ಈ ಕಥೆ ಹೇಳಿದರೆ ಜನ ಕೂಡಲೇ "ಹಾಗಾದ್ರೆ ಅದು ಮೂಲಿಕೆ ತಪ್ಪಲ್ಲ" ಅನ್ನುತ್ತಾರೆ. ಒಪ್ಪಿದೆ. ನಾನು ಮೂಲಿಕೆಯ ವೈರಿ ಅಲ್ಲ. ವೈರಿಯಾಗಿದ್ದರೆ ಇಷ್ಟು ವರ್ಷ ಬೇರು, ತೊಗಟೆ ಕುಟ್ಟುತ್ತಾ ಕೂರುತ್ತಿರಲಿಲ್ಲ. ನಿಮ್ಮ ಪ್ರಶ್ನೆಯೇ ಬೇರೆಯಾಗಿರಬೇಕಿತ್ತು ಅಂತ ನನ್ನ ತಕರಾರು. "ಇದರಲ್ಲಿ ಏನಿದೆ? ಎಷ್ಟಿದೆ? ಮುಂದಿನ ತಿಂಗಳು ಕೊಳ್ಳುವ ಡಬ್ಬಿಯಲ್ಲೂ ಅಷ್ಟೇ ಇರುತ್ತಾ?" ಈ ಪ್ರಶ್ನೆಯನ್ನು ಒಬ್ಬರಾದರೂ ಕೇಳಿದರೆ ನಾನು ರಾತ್ರಿಯಿಡೀ ಕೂತು ಉತ್ತರ ಹೇಳುತ್ತೇನೆ.

ಮೊದಲು "ಏನಿದೆ" ಅನ್ನುವುದು. ಹೆಂಗಸರ ಅತಿ ರಕ್ತಸ್ರಾವಕ್ಕೆ ಅಶೋಕದ ತೊಗಟೆ ಬಳಸುತ್ತಾರೆ. ಅಸಲಿ ಅಶೋಕ ಅಂದರೆ ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುವ ಸೀತಾ ಅಶೋಕ. ಪಶ್ಚಿಮ ಘಟ್ಟದ ಹಳ್ಳಗಳ ಬದಿಯಲ್ಲಿ ಬೆಳೆಯುತ್ತದೆ. ತೊಗಟೆಗಾಗಿ ಸುಲಿದು ಸುಲಿದು ಈಗ ಅಪಾಯದಲ್ಲಿರುವ ಮರಗಳ ಪಟ್ಟಿ ಸೇರಿದೆ. ಮರ ಕಡಿಮೆ, ಬೇಡಿಕೆ ಜಾಸ್ತಿ. ಹಾಗಾಗಿ ಮೂಟೆಯೊಳಗೆ ಇನ್ನೊಂದು "ಅಶೋಕ" ಸೇರುತ್ತದೆ. ಶಾಲೆ, ಆಫೀಸುಗಳ ಕಾಂಪೌಂಡಿಗೆ ಉದ್ದುದ್ದ ನೆಟ್ಟಿರುತ್ತಾರಲ್ಲ, ಜೋಲುವ ಎಲೆಯ ನೆಟ್ಟನೆಯ ಮರ, ಅದು. ಎರಡೂ ಬೇರೆ ಬೇರೆ ಕುಟುಂಬದ ಮರಗಳು. ಒಳಗಿನ ರಾಸಾಯನಿಕಗಳೂ ಬೇರೆ. ಒಣಗಿದ ತೊಗಟೆಯ ಚೂರನ್ನು ಗ್ರಂಧಿಗೆ ಅಂಗಡಿಯ ಬೆಳಕಿನಲ್ಲಿ ನೋಡಿ ಯಾರಿಗೆ ಗೊತ್ತಾಗುತ್ತದೆ? ಕಷ್ಟದಲ್ಲಿರುವ ಹೆಂಗಸು ಆ ಕಷಾಯ ಕುಡಿದು, ಗುಣವಾಗದೆ, ತನ್ನ ಹಣೆಬರಹ ಅಂದುಕೊಳ್ಳುತ್ತಾಳೆ. ಇದು ನನಗೆ ಸಿಟ್ಟು ಬರಿಸುತ್ತದೆ.

ಗಿಡ ಬದಲಾದರೆ ಗುಣ ಆಗದೆ ಹೋಗುವುದಷ್ಟೇ ಅಲ್ಲ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸಲು ಬಂದ ಹೆಂಗಸರಿಗೆ ಚೀನಾದ ಮೂಲಿಕೆ ಇದ್ದ ಔಷಧಿ ಕೊಟ್ಟರು. ಇರಬೇಕಾಗಿದ್ದ ಬೇರಿನ ಜಾಗದಲ್ಲಿ, ಹೆಸರು ಹತ್ತಿರವಿದ್ದ ಇನ್ನೊಂದು ಬೇರು ಬಂದಿತ್ತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು. ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಬಂತು. ಕಾರಣ ಆ ಇನ್ನೊಂದು ಬೇರಿನಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ. ನಮ್ಮ ಈಶ್ವರಿ ಬಳ್ಳಿಯೂ ಅದೇ ಜಾತಿಯ ಗಿಡ, ಅದರಲ್ಲೂ ಆ ಆಮ್ಲ ಇದೆ. ಈಶ್ವರಿ ಬೇರನ್ನು ಯಾರಾದರೂ ಒಳಗೆ ತಗೊಳ್ಳಿ ಅಂದರೆ ದಯವಿಟ್ಟು ತಗೋಬೇಡಿ.

ಇನ್ನು "ಎಷ್ಟಿದೆ". ನೆಲಬೇವಿನ ಮುಖ್ಯ ಅಂಶ ಆಂಡ್ರೊಗ್ರಫೊಲೈಡ್. ಎಲೆಯಲ್ಲಿ ಜಾಸ್ತಿ, ಕಡ್ಡಿಯಲ್ಲಿ ಕಡಿಮೆ. ಕೊಯ್ದ ಹೊತ್ತು, ಬೆಳೆದ ಮಣ್ಣು, ಒಣಗಿಸಿದ ರೀತಿ, ಗೋದಾಮಿನಲ್ಲಿ ಕಳೆದ ಕಾಲ, ಎಲ್ಲದರ ಮೇಲೂ ಅದು ಏರುಪೇರಾಗುತ್ತದೆ. ಒಂದೇ ಹೊಲದ ಮೆಣಸಿನಕಾಯಿ ಒಂದು ವರ್ಷ ಬೆಂಕಿ, ಇನ್ನೊಂದು ವರ್ಷ ಸಪ್ಪೆ ಇರುವುದಿಲ್ವಾ, ಹಾಗೆ. ಅಡುಗೆಯಲ್ಲಾದರೆ ರುಚಿ ನೋಡಿ ಸರಿ ಮಾಡಬಹುದು. ಔಷಧಿಯಲ್ಲಿ ಅಳೆದೇ ಸರಿ ಮಾಡಬೇಕು. ಪ್ರತಿ ಬ್ಯಾಚಿನಲ್ಲೂ ಗೊತ್ತಾದ ಅಂಶ ಗೊತ್ತಾದ ಮಿತಿಯೊಳಗೆ ಇರುವ ಹಾಗೆ ಸಾರವನ್ನು ಹದ ಮಾಡುತ್ತಾರೆ. ಸ್ಟ್ಯಾಂಡರ್ಡೈಸ್ ಮಾಡುವುದು ಅಂದರೆ ಮುಖ್ಯವಾಗಿ ಇದೇ. ಇದರ ಜೊತೆಗೆ ಬೂದಿ ಮಾಡಿ ಮಣ್ಣು, ಮರಳು ಎಷ್ಟಿದೆ ಅಂತ ನೋಡುತ್ತೇವೆ. ಸೀಸ 10 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿನಲ್ಲಿ 10 ಪಾಲು), ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ದಾಟಬಾರದು.

ಇಲ್ಲಿಗೆ ಬಂದಾಗ ಯಾರಾದರೂ "ಋಷಿಗಳು ಮಷಿನ್ ಇಟ್ಕೊಂಡಿದ್ರಾ?" ಅಂತ ಕೇಳಿಯೇ ಕೇಳುತ್ತಾರೆ. ಇಟ್ಟುಕೊಂಡಿರಲಿಲ್ಲ. ಅವರಿಗೆ ಬೇಕಾಗಿರಲಿಲ್ಲ. ಯಾವ ನೆಲದಲ್ಲಿ, ಯಾವ ಋತುವಿನಲ್ಲಿ, ಗಿಡದ ಯಾವ ಭಾಗವನ್ನು ತೆಗೆಯಬೇಕು ಅಂತ ಚರಕ ಸಂಹಿತೆ ವಿವರವಾಗಿ ಹೇಳುತ್ತದೆ. ವೈದ್ಯನೇ ಕಾಡಿಗೆ ಹೋಗುತ್ತಿದ್ದ, ತಾನೇ ಕೀಳುತ್ತಿದ್ದ, ತಾನೇ ಕುದಿಸುತ್ತಿದ್ದ, ಕುಡಿದವನನ್ನು ಮರುದಿನ ತಾನೇ ನೋಡುತ್ತಿದ್ದ. ಈಗ ಕಿತ್ತವರು ಒಬ್ಬರು, ಕೊಂಡವರು ಇನ್ನೊಬ್ಬರು, ಪುಡಿ ಮಾಡಿದವರು ಬೇರೆ ರಾಜ್ಯದವರು. ಡಬ್ಬಿ ಮಾರುವವರು ಆ ಗಿಡವನ್ನು ಜೀವಮಾನದಲ್ಲಿ ನೋಡಿರುವುದಿಲ್ಲ. ಆ ವೈದ್ಯನ ಕಣ್ಣು ಮಾಡುತ್ತಿದ್ದ ಕೆಲಸದಲ್ಲಿ ಒಂದು ಭಾಗವನ್ನು ನಮ್ಮ ಪ್ಲೇಟುಗಳು ಮಾಡುತ್ತವೆ. ಹಳೆಯ ಜ್ಞಾನಕ್ಕೆ ಇದು ಅವಮಾನ ಹೇಗಾಗುತ್ತದೆ? ಚೀನಾದ ವಿಜ್ಞಾನಿ ತು ಯೂಯೂ ಮಲೇರಿಯಾಗೆ ಗಿಡ ಹುಡುಕುವಾಗ ಬಿಸಿ ಮಾಡಿ ತೆಗೆದ ಸಾರ ಕೈಕೊಡುತ್ತಿತ್ತು. ಸುಮಾರು 1,600 ವರ್ಷ ಹಳೆಯದೊಂದು ಬರಹದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಬೇಕು ಅಂತ ಇತ್ತು. ಕುದಿಸುವ ಮಾತೇ ಇರಲಿಲ್ಲ. ಅದನ್ನು ಓದಿ ಅವರು ಕಡಿಮೆ ಬಿಸಿಯಲ್ಲಿ ಸಾರ ತೆಗೆದರು. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಸಿಕ್ಕಿತು. 2015ರಲ್ಲಿ ನೊಬೆಲ್ ಬಂತು. ಹಳೆಯ ಮಾತನ್ನು ನಂಬಿದರು, ನಂಬಿದ್ದನ್ನು ಪರೀಕ್ಷೆಗೂ ಒಡ್ಡಿದರು. ನಮ್ಮವರು ಮೊದಲನೆಯದನ್ನು ಮಾತ್ರ ಮಾಡಿ ಅಂತಾರೆ.

ಇನ್ನೊಂದು ಮಾತು. ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತುವುದೇ ಕಡಿಮೆ. ಕರಿಮೆಣಸಿನ ಪೈಪರಿನ್ ಜೊತೆಗೆ ಕೊಟ್ಟರೆ ಮನುಷ್ಯರಲ್ಲಿ ಅದು ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚಿತು ಅಂತ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲೇ ತೋರಿಸಿದರು. ಈಗ ಅದೇ ಜೋಡಿ ಮಾತ್ರೆಯಾಗಿ ಎಲ್ಲ ಕಡೆ ಸಿಗುತ್ತದೆ. ಆದರೆ ಪೈಪರಿನ್ ಬೇರೆ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅಂಥದ್ದೊಂದು. ಸಾರಿಗೆ ಹಾಕುವ ಮೆಣಸಿನ ಬಗ್ಗೆ ನಾನು ಹೇಳುತ್ತಿಲ್ಲ. ಮಾತ್ರೆಯ ಬಗ್ಗೆ ಹೇಳುತ್ತಿದ್ದೇನೆ. ಡಾಕ್ಟರ್ "ಬೇರೆ ಏನಾದ್ರೂ ತಗೋತಿದೀರಾ?" ಅಂದಾಗ "ಇಲ್ಲ, ಸುಮ್ನೆ ಒಂದು ಮೂಲಿಕೆ ಮಾತ್ರೆ" ಅನ್ನದೆ ಡಬ್ಬಿ ತೆಗೆದು ತೋರಿಸಿ.

ಆ ಡಬ್ಬಿಯ ಮೇಲೆ ಗಿಡದ ಸಸ್ಯಶಾಸ್ತ್ರದ ಹೆಸರು, ಯಾವ ಭಾಗ, ಎಷ್ಟು ಮಿಲಿಗ್ರಾಂ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಬೇಕು. ಇಲ್ಲದಿದ್ದರೆ ಕೊಳ್ಳಬೇಡಿ, ಎಷ್ಟೇ ಹತ್ತಿರದವರು ಕೊಟ್ಟರೂ ಬೇಡ. ಇದ್ದರೆ ಕಂಪನಿಗೆ ಫೋನ್ ಮಾಡಿ, ಆ ಬ್ಯಾಚಿನ ಟೆಸ್ಟ್ ರಿಪೋರ್ಟ್ ಕಳಿಸಿ ಅಂತ ಕೇಳಿ. ಸರಿಯಾಗಿ ಪರೀಕ್ಷೆ ಮಾಡಿಸುವವರ ಹತ್ತಿರ ಅದು ಇದ್ದೇ ಇರುತ್ತದೆ. ಬಂದ ರಿಪೋರ್ಟ್ ಅರ್ಥವಾಗದಿದ್ದರೆ ನನಗೆ ಕಳಿಸಿ. ಅದನ್ನು ಓದಿ ಹೇಳಲು ನನಗೆ ಯಾವತ್ತೂ ಬೇಸರವಿಲ್ಲ.