ರಿಬ್ಬನ್ ಗಂಟು ಬೀಳಬಾರದು

ಪ್ರತಿ ಮಂಗಳವಾರ ರಾತ್ರಿ ನಮ್ಮ ಮನೆಯಲ್ಲಿ ಒಂದು ರಿಬ್ಬನ್‌ಗೆ ಇಸ್ತ್ರಿ ಆಗುತ್ತದೆ. ಐದು ಮೀಟರ್ ಉದ್ದದ ಸ್ಯಾಟಿನ್ ಪಟ್ಟಿ ಅದು. ಇಸ್ತ್ರಿ ಮಾಡಿದ ಮೇಲೆ ಖಾಲಿ ನೀರಿನ ಬಾಟಲಿಗೆ ನಿಧಾನವಾಗಿ ಸುತ್ತಬೇಕು. ಒಂದು ಮಡಿಕೆ ಉಳಿದರೂ ಮರುದಿನ ಗಾಳಿಯಲ್ಲಿ ಸುರುಳಿ ಸರಿಯಾಗಿ ಏಳುವುದಿಲ್ಲ. ಬುಧವಾರ ಇಲ್ಲಿ ಚಿಕ್ಕ ಮಕ್ಕಳ ಶಾಲೆಗೆ ರಜೆ. ಆಟ, ಸಂಗೀತ, ಈಜು ಎಲ್ಲಾ ಅವತ್ತೇ. ನನ್ನ ಒಂಬತ್ತು ವರ್ಷದ ಮಗಳು ಅವತ್ತು ರಿದಮಿಕ್ ಜಿಮ್ನಾಸ್ಟಿಕ್ಸ್, ಅಂದರೆ ರಿಬ್ಬನ್, ಚೆಂಡು ಇಂಥವನ್ನು ಹಿಡಿದು ಸಂಗೀತಕ್ಕೆ ಆಡುವ ಆಟ, ಕಲಿಯಲು ಹೋಗುತ್ತಾಳೆ.

ನಾವಿರುವುದು ಪ್ಯಾರಿಸ್‌ನ ಉತ್ತರಕ್ಕೆ ಅಂಟಿಕೊಂಡ ಒಂದು ಸಣ್ಣ ಊರಿನಲ್ಲಿ. ಮೂಲ ಊರು ಬಾಗಲಕೋಟೆ ಜಿಲ್ಲೆ. ನಾನು ಬೆಳೆದದ್ದು ಮಲ್ಲಕಂಬ ನೋಡಿಕೊಂಡು, ಖೊಖೊ ಆಡಿಕೊಂಡು. ರಿಬ್ಬನ್ ಹಿಡಿದು ಕುಣಿಯುವುದನ್ನೂ ಒಲಿಂಪಿಕ್ಸ್‌ನಲ್ಲಿ ಆಡುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಇಲ್ಲಿಗೆ ಬಂದ ಮೇಲೆ. ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿ ಪ್ರತಿ ಊರಲ್ಲೂ ಸಂಘಗಳ ಒಂದು ಮೇಳ ನಡೆಯುತ್ತದೆ. ಒಂದು ಮೇಜಿನಲ್ಲಿ ಜೂಡೋ, ಪಕ್ಕದಲ್ಲಿ ಚೆಸ್, ಅದರ ಪಕ್ಕದಲ್ಲಿ ಕುಂಬಾರಿಕೆ. ಹೆಸರು ಬರೆಸಿ, ವರ್ಷದ ಹಣ ಕಟ್ಟಿದರೆ ಆಯಿತು. ಮಗಳು ಸೀದಾ ರಿಬ್ಬನ್ ಇದ್ದ ಮೇಜಿಗೆ ಹೋಗಿ ನಿಂತಳು. ಅಲ್ಲಿಂದ ಶುರು.

ಇವತ್ತು ನಾನು ಹೇಳಬೇಕೆಂದಿರುವುದು ಮಗಳ ಕಥೆಯಲ್ಲ. ಚೀನಾದ ಐದು ಹುಡುಗಿಯರ ಕಥೆ, ಅವರಿಗೆ ಕಲಿಸಿದ ಒಬ್ಬ ಹೆಂಗಸಿನ ಕಥೆ. ಅವರನ್ನು ನಾನು ನೋಡಿದ್ದು 2024ರ ಆಗಸ್ಟ್ 10ರಂದು, ಪೋರ್ತ್ ದ ಲಾ ಶಪೆಲ್ ಅರೆನಾದಲ್ಲಿ.

ಆ ಕ್ರೀಡಾಂಗಣದ ಬಗ್ಗೆ ಸ್ವಲ್ಪ ಹೇಳಬೇಕು. ಪ್ಯಾರಿಸ್ ನಗರದ ಒಳಗೆ ಈ ಒಲಿಂಪಿಕ್ಸ್‌ಗಾಗಿಯೇ ಹೊಸದಾಗಿ ಕಟ್ಟಿದ್ದು ಅದು. ಮೆಟ್ರೋ 12ನೇ ಲೈನಿನಲ್ಲಿ ಅದಕ್ಕೆ ಒಂದು ಸ್ಟಾಪ್ ಮೊದಲು ಇಳಿದು ಸ್ವಲ್ಪ ನಡೆದರೆ ರೂ ಪಜೋಲ್ ಎಂಬ ಬೀದಿ. ಅಲ್ಲಿ ಮಾಣಿಕ್ಕ ವಿನಾಯಕರ ಗುಡಿ ಇದೆ. ಶ್ರೀಲಂಕಾದಿಂದ ಬಂದ ತಮಿಳರು ಕಟ್ಟಿಕೊಂಡ ಗುಡಿ. ಕರಿಬೇವು, ನುಗ್ಗೇಕಾಯಿ, ತೆಂಗಿನಕಾಯಿ ಬೇಕೆಂದರೆ ನಾವೆಲ್ಲ ಹೋಗುವುದು ಆ ಸುತ್ತಿನ ಅಂಗಡಿಗಳಿಗೇ. ನಮಗೆ ಅಷ್ಟು ಪರಿಚಯದ ಜಾಗದ ಪಕ್ಕದಲ್ಲೇ ಒಲಿಂಪಿಕ್ಸ್ ಬಂದು ಕೂತಿತ್ತು.

ಅದೇ ಅಂಗಳದಲ್ಲಿ ಜುಲೈ ಕೊನೆಯಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ ಬ್ಯಾಡ್ಮಿಂಟನ್ ಆಡಿದ್ದರು. ಜೊತೆಗಾರ್ತಿ ತನಿಷಾ ಕ್ರಾಸ್ಟೊ. ಮೂರೂ ಪಂದ್ಯ ಸೋತರು. ಆಮೇಲೆ ಅಶ್ವಿನಿ ಕಣ್ಣೀರಿನಲ್ಲೇ ಇದು ನನ್ನ ಕೊನೆಯ ಒಲಿಂಪಿಕ್ಸ್ ಅಂದರು. ಮೂರು ಒಲಿಂಪಿಕ್ಸ್ ಆಡಿದ ಹುಡುಗಿ ಅವರು. ನಾನದನ್ನು ಟೀವಿಯಲ್ಲಿ ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಒಬ್ಬ ಆಟಗಾರ್ತಿಯ ಎಷ್ಟೋ ವರ್ಷಗಳು ಎಷ್ಟು ಬೇಗ ಮುಗಿದುಹೋಗುತ್ತವೆ, ಅಲ್ವಾ? ಮರುಮಾರಾಟದ ಸೈಟಿನಲ್ಲಿ ರಿದಮಿಕ್ ಫೈನಲ್‌ಗೆ ಎರಡು ಟಿಕೆಟ್ ಕಂಡಾಗ ಹಿಂದೆಮುಂದೆ ನೋಡದೆ ಕೊಂಡುಬಿಟ್ಟೆ. ಅದಕ್ಕೆ ಆ ಸಂಜೆಯೂ ಒಂದು ಕಾರಣ.

ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 13 ಮೀಟರ್ ಚೌಕದ ಹಾಸು. ಒಬ್ಬೊಬ್ಬರೇ ಆಡುವ ಸ್ಪರ್ಧೆ ಒಂದು, ಐದು ಜನರ ತಂಡದ ಸ್ಪರ್ಧೆ ಇನ್ನೊಂದು. ತಂಡದವರು ಎರಡು ಸಲ ಹಾಸಿನ ಮೇಲೆ ಬರುತ್ತಾರೆ. ಪ್ಯಾರಿಸ್‌ನಲ್ಲಿ ಮೊದಲ ಸಲ ಐವರ ಕೈಯಲ್ಲೂ ಹೂಪ್, ಅಂದರೆ ದೊಡ್ಡ ಬಳೆಯಂಥದ್ದು. ಎರಡನೇ ಸಲ ಮೂವರ ಕೈಯಲ್ಲಿ ರಿಬ್ಬನ್, ಇಬ್ಬರ ಕೈಯಲ್ಲಿ ಚೆಂಡು. ಒಂದೊಂದು ಸಲಕ್ಕೆ ಹೆಚ್ಚೆಂದರೆ ಎರಡೂವರೆ ನಿಮಿಷ. ಅಂದರೆ ಒಂದು ತಂಡದ ಒಲಿಂಪಿಕ್ ಫೈನಲ್ ಒಟ್ಟು ಐದು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡವರ ರಿಬ್ಬನ್ ಆರು ಮೀಟರ್. ಅದನ್ನು ಮೇಲಕ್ಕೆ ಎಸೆದು, ನೆಲದ ಮೇಲೆ ಉರುಳಿ ಎದ್ದು, ಜೊತೆಯವಳು ಎಸೆದ ಇನ್ನೊಂದು ರಿಬ್ಬನ್ನನ್ನು ಹಿಡಿಯಬೇಕು. ಕೆಲವು ಸಲ ಹಿಂದೆ ತಿರುಗಿ ನೋಡದೆ ಹಿಡಿಯಬೇಕು. ಕೈಯಿಂದಲೇ ಅಂತಲೂ ಇಲ್ಲ, ಕಾಲಿನಿಂದಲೂ ಹಿಡಿಯುತ್ತಾರೆ.

ಅಂಕ ಕೊಡುವುದು ಮೂರು ಭಾಗವಾಗಿ. ಎಷ್ಟು ಕಷ್ಟದ್ದು ಮಾಡಿದರು ಅನ್ನುವುದಕ್ಕೆ ಒಂದು, ಕಲೆಗೆ ಒಂದು, ತಪ್ಪಿಲ್ಲದೆ ಮಾಡಿದ್ದಕ್ಕೆ ಒಂದು. ಕೈತಪ್ಪಿ ಏನಾದರೂ ಬಿದ್ದರೆ ಅರ್ಧ ಅಂಕದಿಂದ ಒಂದು ಅಂಕದವರೆಗೆ ಹೋಗುತ್ತದೆ. ಬಿದ್ದದ್ದು ಎಷ್ಟು ದೂರ ಉರುಳಿತು, ಅದನ್ನು ತರಲು ಎಷ್ಟು ಹೆಜ್ಜೆ ಇಟ್ಟಳು ಅನ್ನುವುದರ ಮೇಲೆ ಲೆಕ್ಕ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಆ ಹುಡುಗಿಯರಿಗೆ ಕಲಿಸಿದ ಸುನ್ ಡಾನ್ ಬಗ್ಗೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚೀನಾ ತಂಡದಲ್ಲಿ ಆಡಿದವರು ಅವರು. ಆಗ ತಂಡದಲ್ಲಿ ಆರು ಹುಡುಗಿಯರು ಇರುತ್ತಿದ್ದರು. ಫೈನಲ್ ನಡೆದದ್ದು ಆಗಸ್ಟ್ 24ರಂದು, ಒಲಿಂಪಿಕ್ಸ್‌ನ ಕಡೆಯ ದಿನ. ಜಾಗ ಬೀಜಿಂಗ್ ತಾಂತ್ರಿಕ ವಿಶ್ವವಿದ್ಯಾಲಯದ ಒಳಾಂಗಣ. ಅಲ್ಲೂ ಮೊದಲು ಬ್ಯಾಡ್ಮಿಂಟನ್, ಆಮೇಲೆ ಇದು. ನಮ್ಮ ಬೆಂಗಳೂರಿನ ಅನೂಪ್ ಶ್ರೀಧರ್ ಆ ಅಂಗಳದಲ್ಲೇ ಆಡಿದ್ದರು. ರಷ್ಯಾಕ್ಕೆ 35.550, ಚೀನಾಕ್ಕೆ 35.225, ಬೆಲಾರೂಸ್‌ಗೆ 34.900 ಅಂಕ. ಚೀನಾಕ್ಕೆ ಬೆಳ್ಳಿ. ಈ ಆಟದಲ್ಲಿ ಏಷ್ಯಾದ ಒಂದು ದೇಶಕ್ಕೆ ಒಲಿಂಪಿಕ್ ಪದಕ ಬಂದದ್ದು ಅದೇ ಮೊದಲು. ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು 0.325.

ಅದಾದ ಮೇಲೆ ಹದಿನಾರು ವರ್ಷ ಏನೂ ಬರಲಿಲ್ಲ. ಲಂಡನ್ ಹೋಯಿತು, ರಿಯೊ ಹೋಯಿತು, ಟೋಕಿಯೊ ಹೋಯಿತು. ತಂಡದ ಚಿನ್ನ 2000ದಿಂದ 2016ರವರೆಗೆ ಪ್ರತಿ ಸಲವೂ ರಷ್ಯಾಕ್ಕೇ. ಟೋಕಿಯೊದಲ್ಲಿ ಬಲ್ಗೇರಿಯಾ ಅದನ್ನು ಮುರಿಯಿತು. ಸುನ್ ಡಾನ್ ಅಷ್ಟರಲ್ಲಿ ತಂಡದ ತರಬೇತುದಾರರಾಗಿದ್ದರು.

ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಮೂವರು ಹುಡುಗಿಯರ ಹಾದಿ: ಗುವೊ ಚಿಚಿ, ಹಾವ್ ತಿಂಗ್, ಹುವಾಂಗ್ ಜಾಂಗ್‌ಜಿಯಾಯಾಂಗ್. ಈ ಮೂವರೂ ಟೋಕಿಯೊದಲ್ಲಿ ಆಡಿದ್ದರು. ಆ ಒಲಿಂಪಿಕ್ಸ್ ಕೊರೊನಾದಿಂದ ಒಂದು ವರ್ಷ ಮುಂದಕ್ಕೆ ಹೋಯಿತು, ಗೊತ್ತಲ್ಲ. ನಡೆದಾಗ ಖಾಲಿ ಕುರ್ಚಿಗಳ ಮುಂದೆ ಆಡಬೇಕಾಯಿತು. ಪದಕ ಇಲ್ಲ. ಈ ಆಟದಲ್ಲಿ ಇಪ್ಪತ್ತು ದಾಟಿದರೆ ಹಿರಿಯರು ಅಂತಲೇ ಲೆಕ್ಕ. ಬೆನ್ನು, ಪಾದ, ಸೊಂಟ ಎಲ್ಲಾ ಚಿಕ್ಕ ವಯಸ್ಸಿನಿಂದ ದುಡಿದಿರುತ್ತವೆ. ಅವರು ಅಲ್ಲಿಗೇ ಬಿಟ್ಟಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಬಿಡಲಿಲ್ಲ. ವಾಂಗ್ ಲಾನ್‌ಜಿಂಗ್, ಡಿಂಗ್ ಶಿನ್‌ಯಿ ಎಂಬ ಇಬ್ಬರು ಅವರ ಜೊತೆ ಸೇರಿದರು. ರಷ್ಯಾ ತಂಡದಲ್ಲಿ ಆಡಿ 2012 ಮತ್ತು 2016ರಲ್ಲಿ ಚಿನ್ನ ಗೆದ್ದಿದ್ದ ಅನಸ್ತಾಸಿಯಾ ಬ್ಲಿಜ್ನ್ಯುಕ್ ಕಲಿಸಲು ಬಂದರು. 2023ರಲ್ಲಿ ಸ್ಪೇನ್‌ನ ವಲೆನ್ಸಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಸ್ರೇಲ್ ಮೊದಲು, ಚೀನಾ ಎರಡನೆಯದು. ಪ್ಯಾರಿಸ್ ಬಾಗಿಲು ತೆರೆದದ್ದು ಅಲ್ಲಿ.

ಫೈನಲ್ ದಿನ ಅರ್ಹತಾ ಸುತ್ತಿನಲ್ಲಿ ಮೊದಲು ಬಂದಿದ್ದ ಬಲ್ಗೇರಿಯಾ ಮೇಲೆ ಎಲ್ಲರ ಕಣ್ಣು. ಎಂಟು ತಂಡ. ನಮ್ಮದು ಮೇಲಿನ ಸಾಲು. ಅಷ್ಟು ಮೇಲಿನಿಂದ ನೋಡಿದ್ದೇ ಒಳ್ಳೆಯದಾಯಿತು. ಐವರೂ ನಿಂತ ಆಕಾರ ರಂಗೋಲಿಯ ಹಾಗೆ ಪೂರ್ತಿ ಕಾಣುತ್ತದೆ. ಒಂದು ಕ್ಷಣ ಸಾಲು, ಮರುಕ್ಷಣ ವೃತ್ತ, ಆಮೇಲೆ ಒಬ್ಬಳು ಮಧ್ಯೆ, ನಾಲ್ವರು ಮೂಲೆಗೆ.

ಚೀನಾ ತಂಡದ ರಿಬ್ಬನ್ ಮತ್ತು ಚೆಂಡಿನ ಆಟಕ್ಕೆ ಆರಿಸಿಕೊಂಡಿದ್ದ ವಿಷಯ ದುನ್‌ಹುವಾಂಗ್‌ನ ಹಾರುವ ಅಪ್ಸರೆಯರು. ಗನ್ಸು ಪ್ರಾಂತ್ಯದ ಮರುಭೂಮಿಯ ಅಂಚಿನಲ್ಲಿ ಮೊಗಾವ್ ಗುಹೆಗಳಿವೆ. ಗೋಡೆ, ಛಾವಣಿ ತುಂಬಾ ಬುದ್ಧನ ಚಿತ್ರಗಳು. ಬುದ್ಧನ ಸುತ್ತ ಗಾಳಿಯಲ್ಲಿ ತೇಲುವ ಹೆಂಗಸರು. ಅವರಿಗೆ ರೆಕ್ಕೆ ಇಲ್ಲ. ಉದ್ದನೆಯ ಸೆರಗಿನಂಥ ಬಟ್ಟೆ ಮೈ ಸುತ್ತಿ ಹಿಂದಕ್ಕೆ ಹಾರುತ್ತಿರುತ್ತದೆ, ಅದರಿಂದಲೇ ಅವರು ಹಾರುತ್ತಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. ನಮ್ಮ ಗಂಧರ್ವರು, ಅಪ್ಸರೆಯರು ಬೌದ್ಧ ಧರ್ಮದ ಜೊತೆಗೆ ನಡೆದು ಅಲ್ಲಿಯವರೆಗೆ ಹೋದವರು.

ನಾನು ಅಂಗಳದಿಂದಲೇ ಒಂದು ಫೋಟೊ ತೆಗೆದು ಅವ್ವನಿಗೆ ಕಳಿಸಿದೆ. ಮೂರು ರಿಬ್ಬನ್ ಒಟ್ಟಿಗೆ ಮೇಲೆದ್ದಿದ್ದ ಕ್ಷಣ. ಅರ್ಧ ಗಂಟೆಗೆ ಅವ್ವನ ಧ್ವನಿ ಬಂತು: "ಏ, ಇವು ನಮ್ಮ ಐಹೊಳಿ ಗುಡಿ ಮ್ಯಾಲಿನ ಗಂಧರ್ವರಂಗ ಅದಾವಲ್ಲವಾ!" ದುನ್‌ಹುವಾಂಗ್ ಹೆಸರನ್ನು ಅವ್ವ ಕೇಳಿಲ್ಲ. ಆದರೆ ಐಹೊಳೆಯ ಕಲ್ಲಿನಲ್ಲಿ ಜೋಡಿಯಾಗಿ ಹಾರುವ ಗಂಧರ್ವರನ್ನು ಚಿಕ್ಕಂದಿನಿಂದ ನೋಡಿದ್ದಾಳೆ. ಅವರಿಗೂ ರೆಕ್ಕೆ ಇಲ್ಲ. ಮಡಚಿದ ಕಾಲು, ಹಿಂದೆ ಹಾರುವ ಬಟ್ಟೆ, ಅಷ್ಟೇ. ನನ್ನ ಕಣ್ಣು ತುಂಬಿ ಬಂತು. ಎಲ್ಲಿಯ ಐಹೊಳೆ, ಎಲ್ಲಿಯ ಗನ್ಸು, ಎಲ್ಲಿಯ ಪ್ಯಾರಿಸ್.

ಹುಡುಗಿಯರ ಆಟವನ್ನು ಹೇಗೆ ಹೇಳಲಿ? ರಿಬ್ಬನ್ ಎಷ್ಟು ಹಗುರ ಅಂದರೆ ಒಳಾಂಗಣದ ಏಸಿ ಗಾಳಿಯೂ ಅದನ್ನು ಎಳೆದುಬಿಡಬಹುದು. ಗಂಟು ಬಿದ್ದರಂತೂ ಮುಗಿಯಿತು, ಬಿಚ್ಚಲು ಸಮಯವಿಲ್ಲ. ಒಬ್ಬಳ ಗಂಟು ಐವರ ಗಂಟು. ಅದಕ್ಕೇ ನನಗೆ ತಂಡದ ಸ್ಪರ್ಧೆ ಒಬ್ಬೊಬ್ಬರ ಸ್ಪರ್ಧೆಗಿಂತ ಜಾಸ್ತಿ ಇಷ್ಟ. ಒಬ್ಬಳು ಎಸೆಯುವಾಗ ಅವಳ ಕಣ್ಣು ರಿಬ್ಬನ್ ಮೇಲೆ ಇರುವುದಿಲ್ಲ, ಅಲ್ಲಿ ಇನ್ನೊಬ್ಬಳು ಇರುತ್ತಾಳೆ ಅನ್ನುವ ನಂಬಿಕೆ ಮಾತ್ರ. ಮಗಳು ನನ್ನ ಮುಂಗೈ ಗಟ್ಟಿಯಾಗಿ ಹಿಡಿದಿದ್ದಳು. ಪ್ರತಿ ಎಸೆತಕ್ಕೂ ಹಿಡಿತ ಬಿಗಿಯಾಗುತ್ತಿತ್ತು.

ಬಲ್ಗೇರಿಯಾದ ಹುಡುಗಿಯರ ಕೈತಪ್ಪಿತು. ಅವರಿಗೆ ಪದಕವೇ ಸಿಗಲಿಲ್ಲ. ಅದನ್ನು ನೋಡುವುದು ಕಷ್ಟವಾಯಿತು. ಟೋಕಿಯೊದಲ್ಲಿ ಚಿನ್ನ ಗೆದ್ದ ದೇಶ, ಹಿಂದಿನ ದಿನದವರೆಗೂ ಎಲ್ಲರಿಗಿಂತ ಮುಂದೆ. ಅವರ ವರ್ಷಗಳೂ ವರ್ಷಗಳೇ ತಾನೇ. ಕೊನೆಗೆ ಚೀನಾ 69.800, ಇಸ್ರೇಲ್ 68.850, ಇಟಲಿ 68.100. ಒಂದನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ 0.950. ಮೇಲೆ ಹೇಳಿದ ಲೆಕ್ಕ ನೆನಪಿದೆಯಾ? ಒಂದೇ ಒಂದು ಚೆಂಡು ಕೈತಪ್ಪಿ ನಾಲ್ಕು ಹೆಜ್ಜೆ ದೂರ ಉರುಳಿದ್ದರೆ ಅಷ್ಟೂ ಹೋಗುತ್ತಿತ್ತು.

ರಿದಮಿಕ್ ಜಿಮ್ನಾಸ್ಟಿಕ್ಸ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. ತಂಡದ ಸ್ಪರ್ಧೆ ಸೇರಿದ್ದು 1996ರಲ್ಲಿ. ಏಷ್ಯಾದ ಒಂದು ದೇಶಕ್ಕೆ ತಂಡದ ಸ್ಪರ್ಧೆಯಲ್ಲಿ ಚಿನ್ನ ಬಂದದ್ದು ಅವತ್ತೇ ಮೊದಲು. ಯುರೋಪಿನ ಹೊರಗಿನ ತಂಡವೊಂದು ತಂಡದ ಚಿನ್ನ ಗೆದ್ದದ್ದೂ ಮೊದಲು. ರಷ್ಯಾ, ಬೆಲಾರೂಸ್ ಇಲ್ಲದಿದ್ದರಿಂದ ಗೆದ್ದರು ಅಂತ ಕೆಲವರು ಹೇಳಿದರು. ಅವರು ಇರಲಿಲ್ಲ, ನಿಜ. ಆದರೆ ಆ ಮಧ್ಯಾಹ್ನ ಆ ಹಾಸಿನ ಮೇಲೆ ನಿಂತು ಆ ರಿಬ್ಬನ್‌ಗಳನ್ನು ಹಿಡಿದದ್ದು ಈ ಐವರು. ಇಲ್ಲದವರ ಲೆಕ್ಕ ಹಾಕಿ ಇದ್ದವರ ಶ್ರಮ ಕಡಿಮೆ ಮಾಡುವುದು ನನಗೆ ಸರಿ ಅನಿಸುವುದಿಲ್ಲ.

ನಾನು ಆ ಹೊತ್ತಿನಲ್ಲಿ ಸುನ್ ಡಾನ್ ಬಗ್ಗೆಯೇ ಯೋಚಿಸುತ್ತಿದ್ದೆ. 2008ರಲ್ಲಿ 0.325ರಿಂದ ತಪ್ಪಿದ್ದು, 2024ರಲ್ಲಿ ಬೇರೆ ಹುಡುಗಿಯರ ಕೈಯಿಂದ ಬಂತು. ಅವರ ಕುತ್ತಿಗೆಗೆ ಆ ಚಿನ್ನ ಬೀಳುವುದಿಲ್ಲ, ಒಲಿಂಪಿಕ್ಸ್‌ನಲ್ಲಿ ತರಬೇತುದಾರರಿಗೆ ಪದಕ ಕೊಡುವುದಿಲ್ಲ.

ರಾತ್ರಿ ಅವ್ವನಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಬೇರೆ. "ಅಲ್ಲವಾ, ಆ ಹುಡುಗ್ಯಾರು ಹೊಟ್ಟಿ ತುಂಬ ಉಣ್ಣತಾರೋ ಇಲ್ಲೋ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಆಟದಲ್ಲಿ ತೂಕದ ಒತ್ತಡ ಇದೆ ಅನ್ನುವುದು ಗುಟ್ಟೇನಲ್ಲ. 2022ರಲ್ಲಿ ಇಟಲಿಯ ಮಾಜಿ ಆಟಗಾರ್ತಿಯರು ತೂಕದ ಹೆಸರಿನಲ್ಲಿ ತಮಗಾದ ಅವಮಾನವನ್ನು ಎಲ್ಲರ ಮುಂದೆ ಹೇಳಿದರು. ಚಂದ ಕಾಣಬೇಕು ಅನ್ನುವುದು ಆಟದ ನಿಯಮದ ಒಳಗೇ ಇದ್ದಾಗ ಬೆಳೆಯುವ ಮಗುವಿನ ಮೈ ಮೇಲೆ ಅದರ ಭಾರ ಬೀಳುತ್ತದೆ. ಅವ್ವನ ಪ್ರಶ್ನೆ ಕೇಳಿದ ಮೇಲೆ ನಾನು ಮಗಳ ಕೋಚ್ ಹತ್ತಿರ ಹೋಗಿ ನೇರವಾಗಿ ಮಾತಾಡಿದೆ. ಇಲ್ಲಿ ತಕ್ಕಡಿ ಇಲ್ಲ, ಯಾವತ್ತೂ ಇರುವುದೂ ಇಲ್ಲ ಅಂದರು. ಅಭ್ಯಾಸ ಮುಗಿದ ಮೇಲೆ ಮಕ್ಕಳೆಲ್ಲ ಒಟ್ಟಿಗೆ ಕೂತು ಬ್ರೆಡ್ಡು, ಹಣ್ಣು ತಿನ್ನುತ್ತಾರೆ. ನಾನು ಒಂದು ಡಬ್ಬಿ ಶೇಂಗಾ ಉಂಡಿ ಕಳಿಸುತ್ತೇನೆ. ಅದು ಖಾಲಿಯಾಗಿ ಬರುತ್ತದೆ.

ಆ ಸೆಪ್ಟೆಂಬರ್‌ನಲ್ಲಿ ಹೆಸರು ಬರೆಸಲು ಹೋದಾಗ ಮಗಳು ಒಬ್ಬಳೇ ಆಡುವುದು ಬೇಡ, ತಂಡದಲ್ಲಿ ಹಾಕಿ ಅಂದಳು. ಐದು ಮಕ್ಕಳು. ಒಬ್ಬಳ ಮನೆಯವರು ಮಾಲಿಯಿಂದ ಬಂದವರು, ಒಬ್ಬಳು ಪೋರ್ಚುಗಲ್ ಮೂಲದವಳು, ಇಬ್ಬರು ಇಲ್ಲಿಯವರೇ. ಮಾಲಿಯ ಹುಡುಗಿಯ ತಾಯಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ರಿಬ್ಬನ್‌ಗೆ ಇಸ್ತ್ರಿ ಮಾಡಲು ಪುರುಸೊತ್ತು ಸಿಗುವುದಿಲ್ಲ. ಮಗಳೇ ಅದನ್ನು ಒಂದು ದಿನ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಳು. ಈಗ ಮಂಗಳವಾರ ರಾತ್ರಿ ಎರಡು ರಿಬ್ಬನ್, ಎರಡು ಬಾಟಲಿ. ನಾನು ಇಸ್ತ್ರಿ ಮಾಡುತ್ತೇನೆ, ಅವಳು ಸುತ್ತುತ್ತಾಳೆ.