ಹುಣ್ಣಿನ ಪಕ್ಕದ ಚೂರು

ಬಾಯಿಹುಣ್ಣು ಎಂದರೆ ನಮ್ಮ ಕಡೆ ಉಷ್ಣ ಎಂದೇ ಅರ್ಥ. ಮೈ ಕಾದಿದೆ, ಮಜ್ಜಿಗೆ ಕುಡಿ, ಬಸಳೆ ಸೊಪ್ಪು ತಿನ್ನು, ಜೀರಿಗೆ ಕಷಾಯ ಮಾಡಿಕೊ ಎಂಬ ಮನೆಮಾತುಗಳು ಮುಗಿದ ಮೇಲೆ ಔಷಧಿ ಅಂಗಡಿಯ ಬಿ ಕಾಂಪ್ಲೆಕ್ಸ್ ಮಾತ್ರೆ, ಅದೂ ಮುಗಿದ ಮೇಲೆ ಹಚ್ಚಿಕೊಳ್ಳುವ ಜೆಲ್. ಸಾಮಾನ್ಯವಾದ ಸಣ್ಣ ಹುಣ್ಣುಗಳು ಏನೂ ಮಾಡದಿದ್ದರೂ 10ರಿಂದ 14 ದಿನಗಳಲ್ಲಿ ತಾವಾಗಿಯೇ ಮಾಯುವುದರಿಂದ, ಈ ಎಲ್ಲ ಉಪಚಾರಗಳಿಗೂ ಗುಣಪಡಿಸಿದ ಹೆಸರು ಬಂದಿದೆ. ಅದೇ ನಂಬಿಕೆಯಲ್ಲಿ, ಮಾಯದೆ ಉಳಿದ ಹುಣ್ಣನ್ನೂ ತಿಂಗಳುಗಟ್ಟಲೆ ಸಹಿಸಿಕೊಂಡು ಕೊನೆಗೆ ನಮ್ಮ ವಿಭಾಗಕ್ಕೆ ಬರುವವರಿದ್ದಾರೆ.

ನಾನು ಸ್ನಾತಕೋತ್ತರ ಓದು ಮುಗಿಸಿ ದಂತ ವೈದ್ಯಕೀಯ ಕಾಲೇಜೊಂದರ ಬಾಯಿರೋಗ ವಿಭಾಗಕ್ಕೆ ಸೇರಿದ ಮೊದಲ ವರ್ಷ ಹಾಗೆ ಬಂದವರು ಮಲೆನಾಡಿನ ಕಡೆಯ, ನಲವತ್ತು ದಾಟಿದ ಒಬ್ಬ ಹೆಣ್ಣುಮಗಳು. ಮಜ್ಜಿಗೆಯಲ್ಲಿ ಕಿವುಚಿದ ಅನ್ನದ ಹೊರತು ಐದು ತಿಂಗಳಿಂದ ಬೇರೇನನ್ನೂ ನುಂಗಲಾಗದೆ ಸೊರಗಿದ್ದರು. ಮಕ್ಕಳಿಗೆ ಅಂಟೀತೆಂದು ತಟ್ಟೆ ಲೋಟಗಳನ್ನು ಬೇರೆ ಇಟ್ಟುಕೊಂಡಿದ್ದೇನೆ ಎಂದರು. ಎರಡೂ ಕೆನ್ನೆಗಳ ಒಳಭಾಗದಲ್ಲಿ ಮತ್ತು ಅಂಗುಳಿನ ಹಿಂಭಾಗದಲ್ಲಿ, ಅಂಚು ಹರಿದಂತೆ ಕಾಣುವ, ಆಳವಿಲ್ಲದ ಕೆಂಪು ಗಾಯಗಳಿದ್ದವು. ಸಾಮಾನ್ಯ ಹುಣ್ಣಿಗಿರುವ ದುಂಡನೆಯ ಆಕಾರವಾಗಲಿ, ಸುತ್ತಲಿನ ಕೆಂಪು ಬಳೆಯಾಗಲಿ ಇರಲಿಲ್ಲ. ಗಾಯದ ಅಂಚಿನಲ್ಲಿ ಜೋತುಬಿದ್ದಿದ್ದ ಬಿಳಿ ಪೊರೆಯನ್ನು ಹತ್ತಿಬಟ್ಟೆಯಿಂದ ಮೆಲ್ಲನೆ ಸವರಿದಾಗ, ಕಾಸಿ ಆರಿಸಿದ ಹಾಲಿನ ಕೆನೆ ಬೆರಳಿಗೆ ಬರುವ ಹಾಗೆ ಅದು ಎದ್ದು ಬಂತು.

ಗುಳ್ಳೆಗಳು ಎದ್ದಿದ್ದವೇ ಎಂದು ಕೇಳಿದರೆ ಇಲ್ಲ ಎಂದರು. ಈ ಉತ್ತರ ಕೇಳಿ ದಾರಿ ತಪ್ಪಬಾರದು. ಚರ್ಮದ ಮೇಲಿನ ಗುಳ್ಳೆ ಕಣ್ಣಿಗೆ ಬೀಳುವಷ್ಟು ಕಾಲವಾದರೂ ಉಳಿಯುತ್ತದೆ. ಬಾಯಿಯ ಗುಳ್ಳೆ ಹಲ್ಲು, ನಾಲಿಗೆ, ಆಹಾರಗಳ ಉಜ್ಜುವಿಕೆಗೆ ಸಿಕ್ಕಿ ಬೇಗನೆ ಒಡೆದುಹೋಗುತ್ತದೆ, ರೋಗಿಗೆ ತಿಳಿಯುವುದು ಒಡೆದ ಗಾಯ ಮಾತ್ರ. ಆದ್ದರಿಂದ ಈಗ ನಾನು ಗುಳ್ಳೆಯ ವಿಚಾರ ಕೇಳುವುದಕ್ಕಿಂತ, ಊಟ ಮಾಡುವಾಗ ಅಥವಾ ಹಲ್ಲುಜ್ಜುವಾಗ ಬಾಯಿಯ ಪೊರೆ ಸುಲಿದು ಬರುತ್ತದೆಯೇ ಎಂದು ಕೇಳುತ್ತೇನೆ.

ನನ್ನ ಅನುಮಾನ ಪೆಂಫಿಗಸ್ ವಲ್ಗ್ಯಾರಿಸ್ ಎಂಬ ರೋಗದ ಮೇಲಿತ್ತು. ಈ ರೋಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬಾಯಿಯಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆ, ಚರ್ಮಕ್ಕೆ ಬರುವುದು ವಾರಗಳೋ ತಿಂಗಳುಗಳೋ ಕಳೆದ ಮೇಲೆ. 1950ರ ದಶಕದಲ್ಲಿ ಸ್ಟಿರಾಯ್ಡ್ ಚಿಕಿತ್ಸೆ ಬರುವ ಮುನ್ನ ಇದು ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಹೀಗಿರುವಾಗ ಬಾಯಿಯಲ್ಲಿ ಕಂಡಾಗಲೇ ಅದನ್ನು ಗುರುತಿಸುವುದು ಎಷ್ಟು ದೊಡ್ಡ ಮಾತು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಬಯಾಪ್ಸಿಗೆಂದು ಗಾಯದ ನಟ್ಟನಡುವಿನಿಂದ, ಅತ್ಯಂತ ಕೆಟ್ಟದಾಗಿ ಕಂಡ ಜಾಗದಿಂದ ಒಂದೇ ಒಂದು ಚೂರು ತೆಗೆದು, ಕೆಡದಂತೆ ಕಾಪಿಡುವ ಫಾರ್ಮಲಿನ್ ದ್ರಾವಣದ ಬಾಟಲಿಗೆ ಹಾಕಿಬಿಟ್ಟೆ. ವಾರದ ನಂತರ ಬಂದ ವರದಿಯಲ್ಲಿ ಯಾವ ರೋಗಕ್ಕೂ ನಿರ್ದಿಷ್ಟವಲ್ಲದ ಹುಣ್ಣು ಎಂದಷ್ಟೇ ಇತ್ತು.

ವರದಿ ಬರೆದವರ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಬಾಯಿಯ ಒಳಪೊರೆಯ ಜೀವಕೋಶಗಳನ್ನು ಡೆಸ್ಮೊಗ್ಲೀನ್ ಎಂಬ ಪ್ರೋಟೀನುಗಳು, ಮುತ್ತುಗದ ಎಲೆಗಳನ್ನು ಊಟದೆಲೆಯಾಗಿ ಸೇರಿಸಿ ಹಿಡಿಯುವ ಕಡ್ಡಿಗಳ ಹಾಗೆ, ಒಂದಕ್ಕೊಂದು ಕೂಡಿಸಿಟ್ಟಿರುತ್ತವೆ. ಹೊರಗಿನ ರೋಗಾಣುಗಳ ಮೇಲೆ ಎರಗಬೇಕಾದ ದೇಹದ ಪ್ರತಿಕಾಯಗಳು ಪೆಂಫಿಗಸ್‌ನಲ್ಲಿ ಈ ಕಡ್ಡಿಗಳ ಮೇಲೆಯೇ ಎರಗುತ್ತವೆ. ಜೀವಕೋಶಗಳು ಬಿಡಿಬಿಡಿಯಾಗುತ್ತವೆ, ನಡುವೆ ದ್ರವ ತುಂಬಿ ಗುಳ್ಳೆ ಏಳುತ್ತದೆ. ರೋಗದ ಗುರುತು ಇರುವುದು ಈ ಪೊರೆಯಲ್ಲಿ. ಗಾಯದ ನಡುವಿನಲ್ಲಿ ಪೊರೆಯೇ ಇರುವುದಿಲ್ಲ, ಇರುವುದು ಬರೀ ಉರಿಯೂತ. ಅಲ್ಲಿಂದ ತೆಗೆದ ಚೂರನ್ನು ಎಂಥ ಅನುಭವಿ ನೋಡಿದರೂ ಬೇರೆ ಉತ್ತರ ಸಿಗುವುದಿಲ್ಲ.

"ಎರಡನೇ ಸಲ ಯಾಕೆ ಕೊಯ್ಯಬೇಕು ಮೇಡಂ?" ಎಂದು ಆಕೆ ಕೇಳಿದಾಗ, ಮೊದಲ ಸಲ ನಾನು ತೆಗೆದ ಜಾಗ ಸರಿಯಿರಲಿಲ್ಲ ಅಮ್ಮಾ ಎಂದು ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಬಾಯಿ ತೆರೆದು ಕುಳಿತರು.

ಈ ಸಲ ಎರಡು ಚೂರು ತೆಗೆದೆವು. ಒಂದು ಗಾಯದ ಅಂಚಿನದು, ಅರ್ಧ ಗಾಯ ಅರ್ಧ ಒಳ್ಳೆಯ ಪೊರೆ ಇರುವಂತೆ, ಇದು ಫಾರ್ಮಲಿನ್‌ಗೆ. ಇನ್ನೊಂದು ಗಾಯದ ಪಕ್ಕದ, ನೋಡಲು ಆರೋಗ್ಯವಾಗಿರುವ ಜಾಗದ್ದು; ಇದನ್ನು ಫಾರ್ಮಲಿನ್‌ಗೆ ಹಾಕಲೇಬಾರದು, ಹಾಕಿದರೆ ಮುಂದಿನ ಪರೀಕ್ಷೆಗೆ ಅದು ಒದಗುವುದಿಲ್ಲ. ಅದಕ್ಕಾಗಿ ಮಿಷೆಲ್ ದ್ರಾವಣ ಎಂಬುದಿದೆ. ಅದು ಸಿಗದಿದ್ದರೆ ಸಲೈನ್‌ನಲ್ಲಿ ಹಾಕಿ 24 ಗಂಟೆಗಳೊಳಗೆ ಲ್ಯಾಬಿಗೆ ತಲುಪಿಸಬಹುದು. ಬ್ಲೇಡಿನಿಂದ ತೆಗೆಯುವಾಗಲೂ ಪೊರೆ ಕಳಚಿಹೋಗದಂತೆ ನೋಡಿಕೊಳ್ಳಬೇಕು. ತಿರುಗಿಸಿ ಕೊರೆಯುವ ಪಂಚ್ ಬಳಸಿದರೆ ಕಳಚುವ ಸಂಭವ ಹೆಚ್ಚು ಎಂಬುದು ನನ್ನ ಅನುಭವ. ಒಸಡಿನಿಂದ ತೆಗೆಯುವುದನ್ನು ಸಾಧ್ಯವಾದಷ್ಟೂ ತಪ್ಪಿಸುತ್ತೇನೆ, ಏಕೆಂದರೆ ಹಲ್ಲಿನ ಪಾಚಿಯಿಂದಾದ ಉರಿಯೂತ ಅಲ್ಲಿ ಚಿತ್ರವನ್ನು ಕಲಸಿಬಿಡುತ್ತದೆ.

ಅಂಚಿನ ಚೂರಿನಲ್ಲಿ ಪೊರೆಯ ತಳದ ಒಂದು ಸಾಲು ಜೀವಕೋಶಗಳು ಮಾತ್ರ ನೆಲ ಕಚ್ಚಿ ನಿಂತಿದ್ದವು, ಅದರ ಮೇಲಿನ ಭಾಗ ಸೀಳಿತ್ತು. ಎರಡನೇ ಚೂರನ್ನು, ಪ್ರತಿಕಾಯಗಳು ಕುಳಿತ ಜಾಗ ಹೊಳೆಯುವಂತೆ ಮಾಡಿ ತೋರಿಸುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ ಕಳುಹಿಸಿ, ಅದನ್ನು ನೋಡಲೆಂದೇ ನಾನೂ ಹೋದೆ. ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ, ಕಪ್ಪು ನೀರಿಗೆ ಎಸೆದ ಮೀನುಬಲೆಯಂತೆ, ಪ್ರತಿ ಜೀವಕೋಶದ ಸುತ್ತಲೂ ಹಸಿರು ಗೆರೆ ಹೊಳೆಯುತ್ತಿತ್ತು. ಕಣ್ಣಿಗೆ ಆರೋಗ್ಯವಾಗಿ ಕಂಡ ಜಾಗದಲ್ಲೂ ಪ್ರತಿಕಾಯಗಳು ಆಗಲೇ ಬಂದು ಕುಳಿತಿದ್ದವು. 1964ರಲ್ಲಿ ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಈ ಪ್ರತಿಕಾಯಗಳಿವೆ ಎಂದು ತೋರಿಸಿದ್ದು ಇಂಥದೇ ಹೊಳಪಿನ ಸಹಾಯದಿಂದ.

ಇದೇ ಪರೀಕ್ಷೆಯಲ್ಲಿ ಬಲೆಯ ಬದಲು ಪೊರೆಯ ತಳದುದ್ದಕ್ಕೂ ಒಂದೇ ಒಂದು ನೇರ ಗೆರೆ ಹೊಳೆದರೆ ರೋಗ ಬೇರೆ. ಅದು ಪೆಂಫಿಗಾಯ್ಡ್, ಅಲ್ಲಿ ಜೀವಕೋಶಗಳು ಪರಸ್ಪರ ಬಿಡುವುದಿಲ್ಲ, ಪೊರೆ ಇಡಿಯಾಗಿ ನೆಲದಿಂದ ಏಳುತ್ತದೆ. ಒಸಡು ಕೆಂಪಾಗಿ ಸುಲಿಯುತ್ತಿದೆ ಎಂದು ಬರುವ ವಯಸ್ಸಾದವರಲ್ಲಿ ಇದನ್ನು ನೆನೆಯದೆ, ಹಲ್ಲು ಶುಚಿಗೊಳಿಸಿ ಕಳುಹಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಇದೇ ರೋಗ ಕಣ್ಣಿನ ಒಳಪೊರೆಯನ್ನೂ ಹಿಡಿದು ಕಲೆಗಟ್ಟಿಸಿ ದೃಷ್ಟಿಯನ್ನೇ ಕಳೆಯಬಲ್ಲದು. ಪೆಂಫಿಗಾಯ್ಡ್ ಎಂದು ಗೊತ್ತಾದವರನ್ನು, ಕಣ್ಣಿನ ತೊಂದರೆ ಹೇಳಿಕೊಳ್ಳದಿದ್ದರೂ, ನೇತ್ರತಜ್ಞರ ಬಳಿ ಕಳುಹಿಸಲೇಬೇಕು.

ರಕ್ತಪರೀಕ್ಷೆಯೊಂದೇ ಸಾಲದೇ, ಕೊಯ್ಯುವುದೇಕೆ ಎಂದು ಕೆಲವರು ಕೇಳುತ್ತಾರೆ. ಪೆಂಫಿಗಸ್‌ನಲ್ಲಿ, ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುವ ಎಲೈಸಾ ಪರೀಕ್ಷೆ ಬಹಳ ಉಪಯುಕ್ತ. ಬಾಯಿಯ ಪೊರೆ ಮುಖ್ಯವಾಗಿ ಡೆಸ್ಮೊಗ್ಲೀನ್ 3ನ್ನು ನೆಚ್ಚಿಕೊಂಡಿರುವುದರಿಂದ, ರೋಗ ಬಾಯಿಗಷ್ಟೇ ಸೀಮಿತವಾಗಿರುವಾಗ ಸಾಮಾನ್ಯವಾಗಿ ಅದರ ವಿರುದ್ಧದ ಪ್ರತಿಕಾಯವೇ ಕಾಣುತ್ತದೆ. ಡೆಸ್ಮೊಗ್ಲೀನ್ 1ರ ವಿರುದ್ಧವೂ ಕಂಡರೆ ಚರ್ಮದ ಮೇಲೆ ಕಣ್ಣಿಡಬೇಕು. ಬಾಯಿಯ ಪೆಂಫಿಗಾಯ್ಡ್‌ನಲ್ಲಾದರೋ ರಕ್ತದಲ್ಲಿನ ಪ್ರತಿಕಾಯ ಎಷ್ಟೋ ಸಲ ಪರೀಕ್ಷೆಗೆ ಸಿಗದಷ್ಟು ಕಡಿಮೆಯಿರುತ್ತದೆ. ರಕ್ತದಲ್ಲಿ ಇಲ್ಲ ಎಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು.

ಆ ಹೆಣ್ಣುಮಗಳಲ್ಲಿ ಡೆಸ್ಮೊಗ್ಲೀನ್ 3ರ ವಿರುದ್ಧದ ಪ್ರತಿಕಾಯ ಮಾತ್ರ ಹೆಚ್ಚಿತ್ತು. ವರದಿ ಹಿಡಿದು ಚರ್ಮರೋಗ ವಿಭಾಗಕ್ಕೆ ನಾನೇ ಜೊತೆಗೆ ಹೋದೆ. ದಾರಿಯಲ್ಲಿ, ಇದು ಅಂಟುವ ರೋಗವಲ್ಲ, ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ ಎಂದು ಹೇಳಿದೆ. ಆಕೆ ನಿಂತು, "ಮೊಮ್ಮಗೂಗೆ ಮುತ್ತು ಕೊಡಬೌದಾ ಮೇಡಂ?" ಎಂದು ಕೇಳಿದರು. ಕೊಡಬಹುದು ಎಂದೆ.